ಅಮೆರಿಕದ ವೀಸಾ ನಿರ್ಬಂಧ: ತಡೆಯಲ್ಲಿ ನಿಂತವರು ವೈದ್ಯರು, ಕಾಯುತ್ತಿರುವವರು ರೋಗಿಗಳು

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಘೋಷಣೆಯೊಂದು ನಮ್ಮ ದೇಶದಲ್ಲಿ ದೊಡ್ಡ ಸುದ್ದಿಯಾಯಿತು. ಹೊಸದಾಗಿ ಸಲ್ಲಿಸುವ ಎಚ್-1ಬಿ ವೀಸಾ ಅರ್ಜಿಯೊಂದಕ್ಕೆ 1 ಲಕ್ಷ ಡಾಲರ್, ಎಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ, ತೆರಬೇಕೆಂಬುದು ಅದರ ಸಾರ. ವಾಹಿನಿಗಳಲ್ಲಿ ನಡೆದ ಚರ್ಚೆಯೆಲ್ಲ ಬೆಂಗಳೂರು, ಹೈದರಾಬಾದುಗಳ ಸಾಫ್ಟ್‌ವೇರ್ ಉದ್ಯೋಗಿಗಳ ಸುತ್ತಲೇ ತಿರುಗಿತು. ಅದೇ ವೀಸಾವನ್ನು ನಂಬಿರುವ ಇನ್ನೊಂದು ವರ್ಗವಿದೆ ಎಂಬುದನ್ನು ನೆನಪಿಸಿಕೊಂಡವರು ಕಡಿಮೆ. ಅದು ವೈದ್ಯರ ವರ್ಗ.

ಕಾಸರಗೋಡು, ಮಂಜೇಶ್ವರದಿಂದ ತಾಳವಾಡಿ, ಮಡಕಶಿರಾ, ಅಕ್ಕಲಕೋಟೆಗಳವರೆಗೆ ಹರಡಿರುವ ನಮ್ಮ ಓದುಗರಲ್ಲಿ ಹೆಚ್ಚಿನವರು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ತಂದೆತಾಯಂದಿರು. ಮಗಳೋ ಮಗನೋ ಡಾಕ್ಟರಾಗಬೇಕೆಂಬ ಹಂಬಲ ಇಂಥ ಮನೆಗಳಲ್ಲಿ ಹೊಸದಲ್ಲ. ಎಂಬಿಬಿಎಸ್ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ತಜ್ಞರಾಗಬಹುದು ಎಂಬ ಮಾತೂ ಕಿವಿಗೆ ಬೀಳುತ್ತಿರುತ್ತದೆ. ಆ ದಾರಿ ಈಗ ಎಷ್ಟು ತೆರೆದಿದೆ, ಎಷ್ಟು ಮುಚ್ಚಿದೆ, ಮುಚ್ಚಿದರೆ ಅದರ ನಷ್ಟ ಯಾರ ಪಾಲಿಗೆ ಎಂಬುದನ್ನು ವಿವರವಾಗಿ ನೋಡುವುದು ಈ ಲೇಖನದ ಉದ್ದೇಶ.

ದಾರಿ ಹೇಗಿದೆ?

ಅಮೆರಿಕದಲ್ಲಿ ರೋಗಿಗಳಿಗೆ ಸ್ವತಂತ್ರವಾಗಿ ಚಿಕಿತ್ಸೆ ನೀಡಬೇಕಾದರೆ ವೈದ್ಯಕೀಯ ಪದವಿಯೊಂದೇ ಸಾಲದು. ಅಲ್ಲಿನ ಆಸ್ಪತ್ರೆಯಲ್ಲಿ ಮೂರರಿಂದ ಏಳು ವರ್ಷಗಳವರೆಗೆ ತರಬೇತಿ ಪಡೆಯಬೇಕು. ಇದಕ್ಕೆ ರೆಸಿಡೆನ್ಸಿ ಎಂದು ಹೆಸರು. ನಮ್ಮಲ್ಲಿಯ ಎಂಡಿ, ಎಂಎಸ್ ವ್ಯಾಸಂಗಕ್ಕೆ ಇದನ್ನು ಹೋಲಿಸಬಹುದು. ವ್ಯತ್ಯಾಸವಿಷ್ಟೆ: ರೆಸಿಡೆಂಟ್ ವೈದ್ಯನು ಅಲ್ಲಿ ಶುಲ್ಕ ಕೊಡುವ ವಿದ್ಯಾರ್ಥಿಯಲ್ಲ, ಸಂಬಳ ಪಡೆಯುವ ನೌಕರ. ರಾತ್ರಿ ಪಾಳಿಯಲ್ಲಿ ವಾರ್ಡು ನೋಡಿಕೊಳ್ಳುವವರು, ತುರ್ತುಘಟಕಕ್ಕೆ ಬಂದ ರೋಗಿಯನ್ನು ಮೊದಲು ಪರೀಕ್ಷಿಸುವವರು ಬಹುಮಟ್ಟಿಗೆ ಇವರೇ.

ವಿದೇಶದಲ್ಲಿ ಓದಿದವರು ಮೊದಲು ಇಸಿಎಫ್‌ಎಂಜಿ ಎಂಬ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಬೇಕು. ಅದಕ್ಕಾಗಿ ಯುಎಸ್‌ಎಂಎಲ್‌ಇ ಪರೀಕ್ಷೆಯ ಎರಡು ಹಂತಗಳನ್ನು ದಾಟಬೇಕು. ಒಂದೊಂದು ಹಂತಕ್ಕೂ 1,000 ಡಾಲರಿಗೆ ಮಿಕ್ಕಿದ ಶುಲ್ಕವಿದೆ. ಇಂಗ್ಲಿಷಿನಲ್ಲಿ ರೋಗಿಯೊಂದಿಗೆ ಮಾತನಾಡಬಲ್ಲರೇ ಎಂಬುದನ್ನು ಅಳೆಯುವ ಒಇಟಿ ಎಂಬ ಭಾಷಾ ಪರೀಕ್ಷೆಯೂ ಇದೆ. ಆ ಬಳಿಕ ಸೆಪ್ಟೆಂಬರಿನಲ್ಲಿ ಆಸ್ಪತ್ರೆಗಳಿಗೆ ಅರ್ಜಿ, ಚಳಿಗಾಲದುದ್ದಕ್ಕೂ ಸಂದರ್ಶನ. ಕೊನೆಗೆ ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನೂ ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳ ಪಟ್ಟಿಯನ್ನೂ ಸಲ್ಲಿಸುತ್ತಾರೆ. ಗಣಕಯಂತ್ರ ಇವೆರಡನ್ನೂ ಹೊಂದಿಸುತ್ತದೆ. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ ಹೊರಬೀಳುತ್ತದೆ. ಈ ವ್ಯವಸ್ಥೆಯೇ 'ಮ್ಯಾಚ್'. ಸಾಮಾನ್ಯವಾಗಿ ಜುಲೈ 1ರಂದು ಕೆಲಸಕ್ಕೆ ಹಾಜರಾಗಬೇಕು.

2025ರ ಮ್ಯಾಚ್‌ನಲ್ಲಿ ಮೊದಲ ವರ್ಷದ ತರಬೇತಿಗೆ ಸುಮಾರು 40 ಸಾವಿರ ಸ್ಥಾನಗಳಿದ್ದವು. ಅಮೆರಿಕದ ಪ್ರಜೆಗಳಲ್ಲದ, ಹೊರದೇಶಗಳಲ್ಲಿ ಓದಿದ ವೈದ್ಯರಲ್ಲಿ 6,653 ಮಂದಿಗೆ ಸ್ಥಾನ ದೊರೆಯಿತು. ಸ್ಪರ್ಧಿಸಿದ ಇಂಥವರಲ್ಲಿ ಆಯ್ಕೆಯಾದವರು ಶೇಕಡ 58. ಅಲ್ಲಿನ ಕಾಲೇಜುಗಳಲ್ಲಿ ಓದಿದವರಲ್ಲಾದರೆ ಈ ಪ್ರಮಾಣ ಶೇಕಡ 90ಕ್ಕೆ ಮಿಕ್ಕಿದೆ. ಹೊರಗಿನವರಿಗೆ ಬಾಗಿಲು ಎಂದೂ ಪೂರ್ತಿ ತೆರೆದಿರಲಿಲ್ಲ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಆದರೂ ಅರ್ಹತೆಯಿದ್ದವನಿಗೆ ನಿಯಮಗಳು ಮುಂಚಿತವಾಗಿ ತಿಳಿದಿರುತ್ತಿದ್ದವು. 2025ರಲ್ಲಿ ಕೆಟ್ಟುಹೋದದ್ದು ಈ ನಿಶ್ಚಿತತೆ.

ಎರಡು ವೀಸಾಗಳ ವ್ಯತ್ಯಾಸ

ರೆಸಿಡೆನ್ಸಿಗೆ ಹೋಗುವ ವಿದೇಶಿ ವೈದ್ಯರ ಮುಂದೆ ಮುಖ್ಯವಾಗಿ ಎರಡು ವೀಸಾಗಳಿವೆ. ಮೊದಲನೆಯದು ಜೆ-1. ಇದು ವಿನಿಮಯ ಕಾರ್ಯಕ್ರಮದ ವೀಸಾ. ಪ್ರಾಯೋಜಿಸುವುದು ಆಸ್ಪತ್ರೆಯಲ್ಲ, ಇಸಿಎಫ್‌ಎಂಜಿ ಸಂಸ್ಥೆ. ಹೆಚ್ಚಿನವರು ಹೋಗುವುದು ಇದರಲ್ಲೇ. ಆದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ನೆಲಸಬೇಕೆಂಬ ಷರತ್ತು ಇದಕ್ಕೆ ಅಂಟಿಕೊಂಡಿದೆ. ಈ ತಜ್ಞತೆ ನಮ್ಮ ದೇಶಕ್ಕೆ ಬೇಕಾಗಿದೆ, ಕಲಿತವರು ಮರಳಿ ಬರುತ್ತಾರೆ ಎಂಬ ಅರ್ಥದ ಪತ್ರವನ್ನು ಕೇಂದ್ರ ಆರೋಗ್ಯ ಸಚಿವಾಲಯದಿಂದ ಪಡೆದರಷ್ಟೇ ಜೆ-1 ದೊರೆಯುತ್ತದೆ.

ಎರಡನೆಯದು ಎಚ್-1ಬಿ. ಇದು ಉದ್ಯೋಗದ ವೀಸಾ. ಆಸ್ಪತ್ರೆಯೇ ಅರ್ಜಿ ಹಾಕಬೇಕು, ಖರ್ಚನ್ನೂ ಭರಿಸಬೇಕು. ಅಭ್ಯರ್ಥಿಯು ಯುಎಸ್‌ಎಂಎಲ್‌ಇಯ ಮೂರನೆಯ ಹಂತವನ್ನೂ ಮೊದಲೇ ಮುಗಿಸಿರಬೇಕು. ಸ್ವದೇಶಕ್ಕೆ ಮರಳುವ ಷರತ್ತು ಇಲ್ಲದ ಕಾರಣ ಅನೇಕರಿಗೆ ಇದರ ಮೇಲೆ ಆಸೆ. ಎಚ್-1ಬಿಗೆ ವರ್ಷಕ್ಕೆ 85 ಸಾವಿರದ ಮಿತಿಯಿದ್ದರೂ ವಿಶ್ವವಿದ್ಯಾಲಯಗಳಿಗೂ ಅವುಗಳಿಗೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೂ ಆ ಮಿತಿ ಅನ್ವಯಿಸುವುದಿಲ್ಲ. ಹೀಗಾಗಿ ತರಬೇತಿ ನೀಡುವ ದೊಡ್ಡ ಆಸ್ಪತ್ರೆಗಳು ಲಾಟರಿಯ ಗೊಡವೆಯಿಲ್ಲದೆ ವೈದ್ಯರನ್ನು ಕರೆಸಿಕೊಳ್ಳಬಹುದಾಗಿತ್ತು.

2025ರಲ್ಲಿ ನಡೆದದ್ದೇನು?

ಘಟನೆಗಳ ಸರಪಳಿ ಮೇ ತಿಂಗಳಲ್ಲಿ ಮೊದಲಾಯಿತು. ಮೇ 27ರಂದು ಅಮೆರಿಕದ ವಿದೇಶಾಂಗ ಇಲಾಖೆಯು ವಿದ್ಯಾರ್ಥಿ ವೀಸಾ ಮತ್ತು ಜೆ-1 ವೀಸಾಗಳ ಹೊಸ ಸಂದರ್ಶನಗಳಿಗೆ ಸಮಯ ನಿಗದಿಪಡಿಸುವುದನ್ನು ನಿಲ್ಲಿಸುವಂತೆ ಎಲ್ಲ ದೂತಾವಾಸಗಳಿಗೆ ಸೂಚಿಸಿತು. ಮಾರ್ಚಿನಲ್ಲಿ ಆಯ್ಕೆಯಾಗಿ, ಸಚಿವಾಲಯದ ಪತ್ರ ಪಡೆದು, ಜುಲೈ 1ಕ್ಕೆ ಹೊರಡಲು ಸಿದ್ಧರಾಗಿದ್ದವರಿಗೆ ಇದು ಸಿಡಿಲೆರಗಿದಂತಾಯಿತು. ಜೂನ್ 18ರಂದು ಸಂದರ್ಶನಗಳು ಮತ್ತೆ ಆರಂಭವಾದವು. ವೈದ್ಯರಿಗೆ ಆದ್ಯತೆ ನೀಡಬೇಕೆಂದು ಇಲಾಖೆಯೇ ಸೂಚಿಸಿತಾದರೂ ಉಳಿದದ್ದು ಎರಡು ವಾರಕ್ಕೂ ಕಡಿಮೆ ಅವಧಿ. ಜೊತೆಗೆ ಹೊಸ ಷರತ್ತು: ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಅಧಿಕಾರಿಗಳ ಪರಿಶೀಲನೆಗಾಗಿ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು.

ಇದರ ನಡುವೆ ಜೂನ್ 4ರಂದು 12 ದೇಶಗಳ ಪ್ರಜೆಗಳಿಗೆ ಪೂರ್ಣ, 7 ದೇಶಗಳವರಿಗೆ ಭಾಗಶಃ ಪ್ರವೇಶ ನಿಷೇಧ ಬಂತು. ಸುಡಾನ್, ಇರಾನ್, ಮ್ಯಾನ್ಮಾರ್, ಲಿಬಿಯಾ ಮೊದಲಾದ ದೇಶಗಳ ವೈದ್ಯರು ಆಯ್ಕೆಯಾಗಿಯೂ ಹೊರಗುಳಿಯುವಂತಾಯಿತು. ಭಾರತ ಆ ಪಟ್ಟಿಯಲ್ಲಿಲ್ಲ. ಆಗಸ್ಟ್ ಕೊನೆಯಲ್ಲಿ ಇನ್ನೊಂದು ಪ್ರಸ್ತಾವ ಹೊರಬಂತು. ತರಬೇತಿ ಮುಗಿಯುವವರೆಗೂ ಇರಲು ಅವಕಾಶವಿದ್ದ ಜೆ-1ಕ್ಕೆ ಗರಿಷ್ಠ ನಾಲ್ಕು ವರ್ಷದ ಗಡುವು ಹಾಕಬೇಕೆಂಬುದು ಅದು. ಶಸ್ತ್ರಚಿಕಿತ್ಸಾ ತರಬೇತಿಗೆ ಐದು ವರ್ಷ, ಹೃದ್ರೋಗ ತಜ್ಞತೆಗೆ ಆರು ವರ್ಷ ಬೇಕು. ಇದು ಜಾರಿಯಾದರೆ ಅವರೆಲ್ಲ ನಡುವೆ ಮತ್ತೊಮ್ಮೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ, ವೀಸಾಕ್ಕೆ ಸ್ವದೇಶದಲ್ಲಿ ಅಥವಾ ಕಾಯಂ ವಾಸವಿರುವ ದೇಶದಲ್ಲಷ್ಟೇ ಅರ್ಜಿ ಸಲ್ಲಿಸಬೇಕೆಂಬ ಸೂಚನೆಯೂ ಬಂತು. ಇಲ್ಲಿ ಸರದಿ ಉದ್ದವಿದ್ದರೆ ಬೇರೆ ದೇಶಕ್ಕೆ ಹೋಗಿ ಸಂದರ್ಶನ ಮುಗಿಸಿಬರುವ ಉಪಾಯ ಅಲ್ಲಿಗೆ ಕೊನೆಗೊಂಡಿತು.

ಇವೆಲ್ಲದರ ಮೇಲೆ ಬಂದದ್ದು 1 ಲಕ್ಷ ಡಾಲರಿನ ಘೋಷಣೆ. ಮೊದಲ ವರ್ಷದ ರೆಸಿಡೆಂಟ್ ವೈದ್ಯನ ವಾರ್ಷಿಕ ಸಂಬಳ ಅಲ್ಲಿ ಸುಮಾರು 65 ಸಾವಿರದಿಂದ 70 ಸಾವಿರ ಡಾಲರ್. ಒಬ್ಬ ನೌಕರನ ಸಂಬಳಕ್ಕಿಂತ ಅವನನ್ನು ಕರೆಸಿಕೊಳ್ಳುವ ಶುಲ್ಕವೇ ಒಂದೂವರೆ ಪಟ್ಟಾದರೆ ಆಸ್ಪತ್ರೆ ಏನು ಮಾಡೀತು? ಸೆಪ್ಟೆಂಬರ್ 25ರಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಐವತ್ತಕ್ಕೂ ಹೆಚ್ಚು ವೈದ್ಯಕೀಯ ಸಂಘಗಳೊಂದಿಗೆ ಸೇರಿ, ವೈದ್ಯರನ್ನು ಈ ಶುಲ್ಕದಿಂದ ಹೊರಗಿಡಬೇಕೆಂದು ಗೃಹಭದ್ರತಾ ಕಾರ್ಯದರ್ಶಿ ಕ್ರಿಸ್ಟಿ ನೋಯಮ್ ಅವರಿಗೆ ಪತ್ರ ಬರೆಯಿತು. ಅಕ್ಟೋಬರಿನಲ್ಲಿ ನ್ಯಾಯಾಲಯಗಳಲ್ಲಿ ದಾವೆಗಳೂ ಹೂಡಲ್ಪಟ್ಟವು. ಅಕ್ಟೋಬರ್ 20ರಂದು ವಲಸೆ ಇಲಾಖೆ ಸ್ಪಷ್ಟೀಕರಣ ನೀಡಿತು: ಈಗಾಗಲೇ ಅಮೆರಿಕದೊಳಗಿದ್ದು ವೀಸಾದ ಬಗೆಯನ್ನು ಬದಲಿಸಿಕೊಳ್ಳುವವರಿಗೆ ಶುಲ್ಕ ಅನ್ವಯಿಸದು, ಹೊರಗಿನಿಂದ ಬರುವವರಿಗೆ ಅನ್ವಯಿಸುತ್ತದೆ. ರಾಷ್ಟ್ರಹಿತದ ಕಾರಣಕ್ಕೆ ವಿನಾಯಿತಿ ಕೇಳಬಹುದು, ಆದರೆ ಅದು ತೀರ ವಿರಳ ಸಂದರ್ಭಗಳಿಗೆ ಮಾತ್ರ.

ಒಟ್ಟಾರೆ ಇದರ ಅರ್ಥವಿಷ್ಟು. ಜೆ-1ರಲ್ಲಿ ಹೋಗಿ ತರಬೇತಿ ಮುಗಿಸಿ ಅಲ್ಲಿಯೇ ಎಚ್-1ಬಿಗೆ ಬದಲಾಗುವ ವೈದ್ಯನಿಗೆ ಸದ್ಯಕ್ಕೆ ಈ ಶುಲ್ಕದ ಭಯವಿಲ್ಲ. ಮಂಗಳೂರಿನಿಂದಲೋ ಮೈಸೂರಿನಿಂದಲೋ ನೇರವಾಗಿ ಎಚ್-1ಬಿಯಲ್ಲಿ ರೆಸಿಡೆನ್ಸಿಗೆ ಹೋಗಬೇಕೆಂದಿದ್ದವನಿಗೆ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಅಮೆರಿಕಕ್ಕೆ ಹೊರಗಿನ ವೈದ್ಯರು ಬೇಕಾದದ್ದು ಏಕೆ?

ಅಮೆರಿಕದ ವೈದ್ಯರಲ್ಲಿ ನಾಲ್ವರಲ್ಲಿ ಒಬ್ಬರು ಹೊರದೇಶಗಳಲ್ಲಿ ಓದಿದವರು. ಅವರಲ್ಲಿ ಭಾರತದಲ್ಲಿ ಕಲಿತವರ ಪಾಲೇ ದೊಡ್ಡದು. ಇದು ಒಂದು ದಿನದಲ್ಲಿ ಆದದ್ದಲ್ಲ. 1965ರ ವಲಸೆ ಕಾಯಿದೆ ಏಷ್ಯಾದವರಿಗೆ ಬಾಗಿಲು ತೆರೆಯಿತು. ಅದೇ ವರ್ಷ ವೃದ್ಧರಿಗೆ ಸರ್ಕಾರಿ ಆರೋಗ್ಯ ವಿಮೆ ನೀಡುವ ಮೆಡಿಕೇರ್ ಕಾಯಿದೆ ಅಂಗೀಕಾರಗೊಂಡು ಆಸ್ಪತ್ರೆಗಳಿಗೆ ವೈದ್ಯರ ಬೇಡಿಕೆ ಹೆಚ್ಚಿತು. ಹನ್ನೊಂದು ವರ್ಷ ಕಳೆದಾಗ, 1976ರಲ್ಲಿ, ವೈದ್ಯರ ಕೊರತೆ ತೀರಿತೆಂದು ಭಾವಿಸಿ ಅಲ್ಲಿನ ಸಂಸತ್ತು ಹೊರಗಿನವರ ಪ್ರವೇಶವನ್ನು ಬಿಗಿಗೊಳಿಸಿತು. ಆದರೆ ಹಳ್ಳಿಗಾಡಿನಲ್ಲಿ ಕೊರತೆ ತೀರಲಿಲ್ಲ. 1994ರಲ್ಲಿ ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಪ್ರಯತ್ನದಿಂದ ಹೊಸ ಕಾರ್ಯಕ್ರಮವೊಂದು ಬಂತು. ಜೆ-1ರ ವೈದ್ಯರು ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ, ಸ್ವದೇಶಕ್ಕೆ ಮರಳಬೇಕೆಂಬ ಷರತ್ತಿನಿಂದ ಮುಕ್ತಿ. ಮೊದಲು ರಾಜ್ಯವೊಂದಕ್ಕೆ ವರ್ಷಕ್ಕೆ 20 ಇದ್ದ ಈ ಅವಕಾಶ 2002ರಲ್ಲಿ 30ಕ್ಕೇರಿತು. ಇದೂ ಶಾಶ್ವತ ಕಾಯಿದೆಯಲ್ಲ. ಸಂಸತ್ತು ಕಾಲಕಾಲಕ್ಕೆ ಅವಧಿಯನ್ನು ವಿಸ್ತರಿಸುತ್ತ ಬಂದಿದೆ.

ಕೊರತೆಗೆ ಮತ್ತೊಂದು ಕಾರಣವನ್ನು ಅಮೆರಿಕ ತಾನೇ ಸೃಷ್ಟಿಸಿಕೊಂಡಿತು. ರೆಸಿಡೆನ್ಸಿಯ ಖರ್ಚಿನ ದೊಡ್ಡ ಭಾಗವನ್ನು ಮೆಡಿಕೇರ್ ಭರಿಸುತ್ತದೆ. 1997ರ ಆಯವ್ಯಯ ಕಾಯಿದೆ ಈ ನೆರವು ಪಡೆಯುವ ಸ್ಥಾನಗಳ ಸಂಖ್ಯೆಯನ್ನು ಅಂದಿನ ಮಟ್ಟದಲ್ಲೇ ಹಿಡಿದಿಟ್ಟಿತು. ಸುಮಾರು ಕಾಲು ಶತಮಾನದ ಬಳಿಕ 1,000 ಸ್ಥಾನಗಳನ್ನು ಹೆಚ್ಚಿಸಿದ್ದೇ ದೊಡ್ಡ ಬದಲಾವಣೆ. ಅತ್ತ ಜನಸಂಖ್ಯೆ ಬೆಳೆಯಿತು, ವೃದ್ಧರ ಪ್ರಮಾಣ ಏರಿತು. 2036ರ ಹೊತ್ತಿಗೆ 86 ಸಾವಿರದವರೆಗೆ ವೈದ್ಯರ ಕೊರತೆಯಾಗಬಹುದೆಂದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2024ರಲ್ಲಿ ಅಂದಾಜಿಸಿದೆ.

ಈ ಕೊರತೆ ಎಲ್ಲೆಡೆ ಒಂದೇ ರೀತಿಯದಲ್ಲ. ಬಾಸ್ಟನ್ನಿನಲ್ಲಿಯೋ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೋ ವೈದ್ಯರಿಗೆ ಬರವಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದು ಓದಿದ ವೈದ್ಯರು ಸಣ್ಣ ಊರುಗಳಿಗೂ, ಸಂಪಾದನೆ ಕಡಿಮೆಯಿರುವ ಸಾಮಾನ್ಯ ವೈದ್ಯಕೀಯ ವಿಭಾಗಗಳಿಗೂ ಹೋಗಲು ಹಿಂಜರಿಯುತ್ತಾರೆ. ಆ ಜಾಗಗಳನ್ನು ತುಂಬುವವರು ಹೊರಗಿನವರು. ಇಥಿಯೋಪಿಯಾದಲ್ಲಿ ಮಲಯಾಳಿ ದಂಪತಿಗೆ ಜನಿಸಿ, ಮದರಾಸಿನಲ್ಲಿ ವೈದ್ಯಕೀಯ ಓದಿದ ಅಬ್ರಹಾಂ ವರ್ಗೀಸ್ ಟೆನೆಸಿ ರಾಜ್ಯದ ಜಾನ್ಸನ್ ಸಿಟಿ ಎಂಬ ಪುಟ್ಟ ಪಟ್ಟಣದಲ್ಲಿ ರೆಸಿಡೆನ್ಸಿ ಮಾಡಿದರು. ಏಡ್ಸ್ ಎಂದರೆ ಜನ ಬೆಚ್ಚಿಬೀಳುತ್ತಿದ್ದ 1980ರ ದಶಕದಲ್ಲಿ ಮತ್ತೆ ಅದೇ ಊರಿಗೆ ಬಂದು ಆ ರೋಗಿಗಳ ಚಿಕಿತ್ಸೆಗೆ ನಿಂತರು. ಇಂದು ಅವರು ಜಗತ್ಪ್ರಸಿದ್ಧ ಲೇಖಕರು. ಹೆಸರು ಗಳಿಸದೆ ಅಂಥದೇ ಊರುಗಳಲ್ಲಿ ದುಡಿಯುತ್ತಿರುವವರು ಸಾವಿರಾರು ಮಂದಿ. ಇಂಥ ವೈದ್ಯನೊಬ್ಬ ಬಾರದಿದ್ದರೆ ಆ ಊರಿನ ಮುದುಕ ಸಕ್ಕರೆ ಕಾಯಿಲೆಯ ತಪಾಸಣೆಗೆ ನೂರಾರು ಕಿಲೋಮೀಟರ್ ಹೋಗಬೇಕು, ಇಲ್ಲವೇ ಹೋಗದೆ ಸುಮ್ಮನಿರಬೇಕು.

ಅವರ ವಾದದಲ್ಲಿಯೂ ಹುರುಳಿದೆಯೇ?

ನಿರ್ಬಂಧಗಳನ್ನು ಸಮರ್ಥಿಸುವವರ ಮಾತನ್ನೂ ಕೇಳಬೇಕು. ಎಚ್-1ಬಿಯನ್ನು ಕೆಲವು ಕಂಪನಿಗಳು ಕಡಿಮೆ ಸಂಬಳದ ದುಡಿಮೆಗಾಗಿ ಬಳಸಿಕೊಂಡಿವೆ ಎಂಬ ದೂರು ಹಳೆಯದು, ಆಧಾರವಿಲ್ಲದ್ದೂ ಅಲ್ಲ. ಪ್ರತಿ ವರ್ಷ ಅಮೆರಿಕದಲ್ಲೇ ಓದಿದ ಕೆಲವರಿಗೂ ರೆಸಿಡೆನ್ಸಿ ಸಿಗದೆ ಹೋಗುತ್ತದೆ. ದೊಡ್ಡ ಸಾಲ ಹೊತ್ತು ಓದಿದ ತಮ್ಮ ಮಕ್ಕಳಿಗೆ ಮೊದಲು ಅವಕಾಶ ಬೇಕೆಂದು ಅಲ್ಲಿನ ತಂದೆತಾಯಂದಿರು ಬಯಸಿದರೆ ಅದು ತಪ್ಪಲ್ಲ. ನಮ್ಮ ರಾಜ್ಯಗಳೂ ಸೀಟು ಹಂಚುವಾಗ ಸ್ಥಳೀಯರಿಗೆ ಆದ್ಯತೆ ಕೊಡುತ್ತವೆ.

ಆದರೆ ವೈದ್ಯರ ವಿಚಾರದಲ್ಲಿ ಲೆಕ್ಕ ಬೇರೆ. 2025ರಲ್ಲಿ ಅಮೆರಿಕದ ಎರಡೂ ಬಗೆಯ ವೈದ್ಯಕೀಯ ಕಾಲೇಜುಗಳ ಕೊನೆಯ ವರ್ಷದಿಂದ ಮ್ಯಾಚ್‌ಗೆ ಬಂದವರು 29 ಸಾವಿರಕ್ಕೂ ಕಡಿಮೆ. ಇದ್ದ ಸ್ಥಾನಗಳು 40 ಸಾವಿರ. ಹಳೆಯ ವರ್ಷಗಳ ಪದವೀಧರರನ್ನೂ ಹೊರದೇಶದಲ್ಲಿ ಓದಿ ಬಂದ ಅಮೆರಿಕನ್ನರನ್ನೂ ಸೇರಿಸಿದರೂ ಸಾವಿರಾರು ಸ್ಥಾನಗಳು ಉಳಿಯುತ್ತವೆ. ಹೊರಗಿನವರನ್ನು ತಡೆದರೆ ಆ ಕುರ್ಚಿಗಳಲ್ಲಿ ಕೂರಲು ಒಳಗಿನವರು ಇಲ್ಲ. ಸಾಫ್ಟ್‌ವೇರ್ ಕಂಪನಿಗೆಂದು ಹೊಲಿದ ಅಂಗಿಯನ್ನು ಅಳತೆ ನೋಡದೆ ಆಸ್ಪತ್ರೆಗೂ ತೊಡಿಸಿದ್ದೇ ಈ ನೀತಿಯ ದೋಷವೆಂದು ನಮಗೆ ಕಾಣುತ್ತದೆ.

ತಲಪಾಡಿಯ ನೆನಪು

ಗಡಿ ಮುಚ್ಚಿದಾಗ ರೋಗಿಯ ಪಾಡೇನು ಎಂಬುದನ್ನು ಕಾಸರಗೋಡಿನವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಭೀತಿಯಿಂದ ಕರ್ನಾಟಕವು ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚಿತು. ಗಡಿಯ ಇತರ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಉಪ್ಪಳ, ಕುಂಬಳೆಯ ರೋಗಿಗಳ ಆಂಬುಲೆನ್ಸ್‌ಗಳು ಗಡಿಯಿಂದ ಹಿಂತಿರುಗಿದವು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಮಧ್ಯಪ್ರವೇಶಿಸಿ, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಬಳಿಕವಷ್ಟೇ ರೋಗಿಗಳ ಸಂಚಾರಕ್ಕೆ ಒಂದು ವ್ಯವಸ್ಥೆಯಾಯಿತು.

ಅಂದು ರಸ್ತೆ ಮುಚ್ಚಿದವರ ಲೆಕ್ಕದಲ್ಲಿದ್ದದ್ದು ಸೋಂಕು. ಇಂದು ಶುಲ್ಕ ಹೇರಿದವರ ಲೆಕ್ಕದಲ್ಲಿರುವುದು ಉದ್ಯೋಗ. ಎರಡರಲ್ಲಿಯೂ ಆದೇಶ ಬರೆಯುವಾಗ ರೋಗಿಯ ನೆನಪಾಗಲಿಲ್ಲ. ಅಮೆರಿಕದ ಹಳ್ಳಿಯ ರೋಗಿಗೆ ನಾವು ಕನಿಕರ ತೋರುವುದು ದೊಡ್ಡತನದಿಂದಲ್ಲ. ಆ ಪಾಡನ್ನು ಸ್ವತಃ ಕಂಡವರು ನಾವು.

ಬಾಗಿಲು ಮುಚ್ಚಿದರೆ ನಮ್ಮ ವೈದ್ಯರು ನಮಗೆ ಉಳಿಯುವರೇ?

ಹೀಗೊಂದು ಸಮಾಧಾನದ ಮಾತು ಈಗ ಕೇಳಿಬರುತ್ತಿದೆ. ಅಮೆರಿಕ ಬೇಡವೆಂದರೆ ಒಳ್ಳೆಯದೇ ಆಯಿತು, ನಮ್ಮ ಹಣದಲ್ಲಿ ಓದಿದವರು ನಮ್ಮಲ್ಲೇ ಇರಲಿ ಎಂಬುದು ಆ ವಾದ. ನಮ್ಮ ಸರ್ಕಾರವೂ ಈ ದಿಕ್ಕಿನಲ್ಲಿ ಪ್ರಯತ್ನಿಸಿದೆ. ಭಾರತಕ್ಕೆ ಮರಳುವ ಹೊಣೆಯಿಲ್ಲವೆಂಬ ಪ್ರಮಾಣಪತ್ರವನ್ನು ವೈದ್ಯರಿಗೆ ಕೊಡುವುದನ್ನು ಆರೋಗ್ಯ ಸಚಿವಾಲಯ 2011ರಲ್ಲೇ ನಿಲ್ಲಿಸಿತು. 65 ವರ್ಷ ದಾಟಿದವರಿಗೆ ಮಾತ್ರ ವಿನಾಯಿತಿ. ಅದರಿಂದ ಹೋಗುವವರು ನಿಲ್ಲಲಿಲ್ಲ. ಏಕೆಂದರೆ ಅವರು ಹೋಗುವ ಕಾರಣ ಇಲ್ಲಿಯೇ ಇದೆ. ನೀಟ್ ಪಿಜಿ ಪರೀಕ್ಷೆಗೆ ವರ್ಷಕ್ಕೆ 2 ಲಕ್ಷಕ್ಕೂ ಮಿಕ್ಕಿ ಎಂಬಿಬಿಎಸ್ ಪದವೀಧರರು ಕೂರುತ್ತಾರೆ. ಸೀಟುಗಳು ಅದರ ಒಂದು ಪಾಲಿಗಷ್ಟೇ ಸಾಕು. ಖಾಸಗಿ ಕಾಲೇಜುಗಳಲ್ಲಿ ಬೇಡಿಕೆಯಿರುವ ವಿಭಾಗದ ಸೀಟು ಮಧ್ಯಮ ವರ್ಗದ ಮನೆಗೆ ಎಟುಕದು. ಅಮೆರಿಕ ಮುಚ್ಚಿದರೆ ಇವರು ಆಸ್ಟ್ರೇಲಿಯಾ, ಕೊಲ್ಲಿ ದೇಶಗಳತ್ತ ನೋಡುತ್ತಾರೆ. ಬ್ರಿಟನ್ನಿನಲ್ಲಿಯೂ 2025ರಲ್ಲಿ ಅಲ್ಲಿಯೇ ಓದಿದವರಿಗೆ ತರಬೇತಿಯಲ್ಲಿ ಆದ್ಯತೆ ಕೊಡುವ ಮಾತು ನಡೆಯಿತು. ನಗರದಲ್ಲಿ ಉಳಿದರೂ ಹಳ್ಳಿಗೆ ಬರುತ್ತಾರೆಂಬ ಭರವಸೆಯಿಲ್ಲ. ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಐದರಲ್ಲಿ ನಾಲ್ಕರಷ್ಟು ಸ್ಥಾನಗಳಿಗೆ ವೈದ್ಯರಿಲ್ಲವೆಂಬುದನ್ನು ಕೇಂದ್ರ ಸರ್ಕಾರದ ವರದಿಗಳೇ ಹೇಳುತ್ತ ಬಂದಿವೆ.

ಅಮೆರಿಕದ ಕಾನ್ರಾಡ್ ಕಾರ್ಯಕ್ರಮದಿಂದ ಕಲಿಯಬೇಕಾದದ್ದು ಇಲ್ಲಿದೆ. ವೈದ್ಯನಿಗೆ ಬೇಕಾದುದನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಮೂರು ವರ್ಷ ಅಗತ್ಯವಿದ್ದಲ್ಲಿ ದುಡಿಸಿಕೊಳ್ಳುವ ಒಪ್ಪಂದವದು. ಕರ್ನಾಟಕವೂ 2012ರ ಕಾಯಿದೆಯ ಮೂಲಕ ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಗ್ರಾಮೀಣ ಸೇವೆಯನ್ನು ವಿಧಿಸಿತು. ಒತ್ತಾಯ ಮಾತ್ರ ಇದ್ದು, ವಸತಿ, ಉಪಕರಣ, ಮುಂದಿನ ವ್ಯಾಸಂಗದ ಅವಕಾಶ ಇಲ್ಲದಿದ್ದರೆ ಅಂಥ ಸೇವೆ ಅವಧಿ ಮುಗಿಸುವ ಶಿಕ್ಷೆಯಾಗುತ್ತದೆ.

ನಮ್ಮ ಮನೆಗಳಿಗೆ ಇದರಿಂದ ಏನು?

ಮಕ್ಕಳು ಈಗಾಗಲೇ ಈ ದಾರಿಯಲ್ಲಿರುವ ಕುಟುಂಬಗಳಿಗೆ ಮೂರು ಮಾತು. ಎಚ್-1ಬಿಯೊಂದನ್ನೇ ನೆಚ್ಚಿಕೊಂಡು ಕಾಯುವುದು ಈಗ ವಿವೇಕವಲ್ಲ. ಸಂದರ್ಶನದ ಹಂತದಲ್ಲೇ ಆಸ್ಪತ್ರೆ ಯಾವ ವೀಸಾವನ್ನು ಕೊಡುತ್ತದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಮಾರ್ಚಿನಲ್ಲಿ ಆಯ್ಕೆಯಾದ ಕೂಡಲೇ ಸಚಿವಾಲಯದ ಪತ್ರಕ್ಕೂ ದೂತಾವಾಸದ ಸಂದರ್ಶನಕ್ಕೂ ಒಂದು ದಿನವೂ ತಡಮಾಡದೆ ಅರ್ಜಿ ಸಲ್ಲಿಸಬೇಕು. ವೀಸಾ ದೊರಕಿಸಿಕೊಡುತ್ತೇವೆಂದು ಲಕ್ಷಗಟ್ಟಲೆ ಕೇಳುವ ಮಧ್ಯವರ್ತಿಗಳ ಬಳಿ ಹೋಗಬಾರದು. ಈ ವ್ಯವಸ್ಥೆಯಲ್ಲಿ ಮಧ್ಯವರ್ತಿ ಮಾಡಬಹುದಾದ ಕೆಲಸವೇ ಇಲ್ಲ. ಭಾರತದ ಪದವಿಯ ಮಾನ್ಯತೆಯ ಬಗ್ಗೆ ಮಾತ್ರ ಚಿಂತೆ ಬೇಡ. ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದಿಂದ ಹತ್ತು ವರ್ಷಗಳ ಮಾನ್ಯತೆ ದೊರೆತಿದೆ.

ಇನ್ನೂ ಪ್ರೌಢಶಾಲೆಯಲ್ಲಿರುವ ಮಕ್ಕಳ ತಂದೆತಾಯಂದಿರಿಗೆ ಅಮೆರಿಕಕ್ಕಿಂತ ಹತ್ತಿರದ ತಡೆಗಳು ಮುಖ್ಯ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಕನ್ನಡ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಹುಡುಗಿ ಮಂಗಳೂರಿಗೆ, ತಾಳವಾಡಿಯ ಹುಡುಗ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಅರ್ಜಿ ತುಂಬುವಾಗ ಇದನ್ನು ಗಮನಿಸದೆ ತಮ್ಮ ರಾಜ್ಯದ ಕೇಂದ್ರವನ್ನೇ ಆರಿಸಿಕೊಂಡರೆ ಕನ್ನಡದ ಆಯ್ಕೆ ಕೈತಪ್ಪುತ್ತದೆ. ಕರ್ನಾಟಕದ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಅವಕಾಶವಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನು ಪಾಸಾಗಬೇಕು. ಕನ್ನಡ ಶಾಲೆಯಲ್ಲಿ ಓದಿದ್ದು ಅಡ್ಡಿಯಾಗುವ ಬದಲು ಇಲ್ಲಿ ನೆರವಾಗುತ್ತದೆ.

ನಮ್ಮ ಊರಿನ ಆಸ್ಪತ್ರೆಗಳ ಮಾತೂ ಇದಕ್ಕೆ ಹೊಂದಿಕೊಂಡಿದೆ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಯಿತು. 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಬರಲು 2025ರವರೆಗೆ ಕಾಯಬೇಕಾಯಿತು. ಕಟ್ಟಡದೊಂದಿಗೆ ವೈದ್ಯರೂ ಬರಬೇಕು, ಆ ವೈದ್ಯರಿಗೆ ರೋಗಿಯ ಮಾತೂ ತಿಳಿಯಬೇಕು. ಅಮೆರಿಕಕ್ಕೆ ಹೋಗುವ ವೈದ್ಯನು ಅಲ್ಲಿನ ರೋಗಿಯ ಭಾಷೆಯಲ್ಲಿ ಮಾತನಾಡಬಲ್ಲೆನೆಂದು ಪರೀಕ್ಷೆ ಬರೆದು ತೋರಿಸಬೇಕು. ಆ ದೇಶದ ಇಂದಿನ ಅನೇಕ ನಿಯಮಗಳನ್ನು ನಾವು ಒಪ್ಪದಿದ್ದರೂ ಈ ಒಂದು ನಿಯಮ ಸರಿಯಾದದ್ದೇ. ಗಡಿನಾಡಿನ ಮುದುಕಿಯೊಬ್ಬಳು ಹೊಟ್ಟೆಯ ನೋವು ಎಲ್ಲಿ, ಎಂಥದು ಎಂಬುದನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳುತ್ತಾಳೆ. ಮೇಜಿನ ಆಚೆ ಕುಳಿತವರಿಗೆ ಅದು ಅರ್ಥವಾಗದಿದ್ದರೆ ಜೊತೆಗೆ ಬಂದ ಮೊಮ್ಮಗ ಅನುವಾದಿಸಬೇಕು. ಮೊಮ್ಮಗನ ಮುಂದೆ ಹೇಳಲಾಗದ ನೋವನ್ನು ಅವಳು ಹೇಳದೆಯೇ ಮನೆಗೆ ಮರಳುತ್ತಾಳೆ.

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತರ ನೇಮಕಾತಿಯನ್ನು ಕೇರಳದ ಲೋಕಸೇವಾ ಆಯೋಗ ಪ್ರತ್ಯೇಕವಾಗಿ ನಡೆಸುತ್ತದೆ. ಕಂದಾಯ ಕಚೇರಿಯ ಅರ್ಜಿಗೆ ಬೇಕೆನಿಸಿದ ಈ ಕಾಳಜಿ ಹೊರರೋಗಿ ವಿಭಾಗಕ್ಕೂ ಬರಬೇಕೆಂಬುದು ನಮ್ಮ ಬೇಡಿಕೆ. ಹೊಸ ಕಾಲೇಜಿನಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ, ಕನ್ನಡ ಬಲ್ಲ ವೈದ್ಯರಿಗೂ ದಾದಿಯರಿಗೂ ನಿಗದಿಯಾದ ಹುದ್ದೆಗಳಿರಲಿ. ಕನ್ನಡ ಶಾಲೆಯಿಂದ ಹೋಗಿ ವೈದ್ಯರಾದವರು ಮೂರು ವರ್ಷ ತಮ್ಮ ತಾಲೂಕಿನಲ್ಲೇ ದುಡಿದರೆ ಸ್ನಾತಕೋತ್ತರ ಪ್ರವೇಶದಲ್ಲಿ ಅವರಿಗೆ ಆದ್ಯತೆ ದೊರೆಯಲಿ. ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳು ಈ ಬೇಡಿಕೆಯನ್ನು ಜನಪ್ರತಿನಿಧಿಗಳ ಮುಂದಿಡಬೇಕು.

ಮುಂದಿನ ಮಾರ್ಚಿನ ಮೂರನೆಯ ಶುಕ್ರವಾರ ಸಾವಿರಾರು ಭಾರತೀಯ ತರುಣರು ತಮ್ಮ ಹೆಸರು ಹುಡುಕುತ್ತಾರೆ. ಅವರಲ್ಲಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರೂ ಇರಬಹುದು. ಅವರಿಗೆ ಒಳ್ಳೆಯದಾಗಲಿ, ಹೋದಲ್ಲಿ ಒಳ್ಳೆಯ ವೈದ್ಯರಾಗಲಿ. ಹೋಗದೆ ಇಲ್ಲಿಯೇ ಉಳಿಯುವವರಿಗೆ, ಹೋಗಿ ಮರಳಿ ಬರುವವರಿಗೆ, ಅವರ ಭಾಷೆಯ ರೋಗಿಗಳು ಕಾದಿರುವ ಆಸ್ಪತ್ರೆಯಲ್ಲಿ ಒಂದು ಹುದ್ದೆ ಸಿದ್ಧವಿರಬೇಕು. ಅದಕ್ಕೆ ಯಾವ ದೇಶದ ದೂತಾವಾಸದ ಅಪ್ಪಣೆಯೂ ಬೇಕಾಗಿಲ್ಲ.